ಚುಕ್ಕಿಯ ಮೇಲೆ ಗಾಳ

ಗ್ರಿಮ್ಸ್‌ಬಿಯ ಮೀನುಧಕ್ಕೆಯ ಹಿಂದಿನ ಓಣಿಯಲ್ಲಿ
ಸ್ಟೊಬಾರ್ಟನ ಅಚ್ಚುಕೂಟ.
ಮೇಬಲ್ ಥರ್ಸ್ಕ್ ಅಲ್ಲಿ ಮೊಳೆ ಜೋಡಿಸುವವಳು.
ಸೀಸದಲ್ಲಿ ಎಲ್ಲವೂ ಕನ್ನಡಿಯೊಳಗಿನದು;
ಹನ್ನೊಂದು ವರ್ಷದಿಂದ
ಅವಳಿಗೆ ಅದೇ ನೇರ.

ಪೂರ್ಣವಿರಾಮದ ಮನೆ ಕೈಗೆ ಹತ್ತಿರ,
ಒಲೆಯ ಪಕ್ಕದ ಸಾಸಿವೆ ಡಬ್ಬಿಯ ಹಾಗೆ.
ಮೀನಿನ ಬೆಲೆ ಇಳಿಯಿತು. ಚುಕ್ಕಿ.
ಮೇಯರರ ಅತ್ತೆ ತೀರಿಕೊಂಡರು. ಚುಕ್ಕಿ.
ಗುರುವಾರ ಉಬ್ಬರ ಆರೂಕಾಲಿಗೆ. ಚುಕ್ಕಿ.
ಹೇಳಿದ್ದಕ್ಕೆಲ್ಲ ಅದೇ ಒಂದು ಕಾಳು.

ಅಪ್ಪಣೆಗೂ ಅದೇ.
'ಇಲ್ಲಿ ಕೈಗಾಡಿ ನಿಲ್ಲಿಸಬೇಡಿ.'
'ಬಾಗಿಲು ಮುಚ್ಚಿ.'
ಕರ್ತೃವೇ ಕಾಣದ ವಾಕ್ಯ; ನೀನು ಎಂಬುದು
ಎಲ್ಲೋ ಮರೆಯಲ್ಲಿ ನಿಂತಿರುತ್ತದೆ
ಬೈಸಿಕೊಳ್ಳಲು.
ಕೂಗಿ ಹೇಳಬೇಕಾದರೆ ಅದು ಅಪ್ಪಣೆಯಲ್ಲ,
ಗೋಗರೆತ, ಎಂಬುದು ಸ್ಟೊಬಾರ್ಟನ ಸಿದ್ಧಾಂತ.

ಆಶ್ಚರ್ಯಸೂಚಕಕ್ಕೆ ಅವರಿಟ್ಟ ಹೆಸರು ಅರಚು.
ಪೋಸ್ಟರಿನ ದೊಡ್ಡ ಅಳತೆಯಲ್ಲಿ ಇದ್ದದ್ದೇ ಏಳು,
ಅದರಲ್ಲೊಂದರ ತಲೆ ಮುಕ್ಕು.
ಚರ್ಚಿನ ಹಳೇಬಟ್ಟೆ ಮಾರಾಟಕ್ಕೆ
ಪಾದ್ರಿಯ ಹೆಂಡತಿ ಸಾಲಿಗೆ ಮೂರರಂತೆ ಕೇಳಿದಳು.
'ಒಂದು ಕೊಡುತ್ತೇನಮ್ಮ,' ಅಂದ,
'ಕೋಟುಗಳಿಗೆ ಗುಂಡಿ ಇದ್ದರೆ ಎರಡು.'

ಪ್ರಶ್ನೆಯ ಮೊಳೆ ಸವೆಯುವುದೇ ಇಲ್ಲ,
ಪತ್ರಿಕೆ ಕೇಳುವುದು ಕಡಿಮೆ.
ಆದರೂ ಬಿಡುವಿದ್ದಾಗ ಅವಳ ಆಟ ಇದು:
ದ ಬೋಟ್ ಈಸ್ ಇನ್ ಎಂದು ಜೋಡಿಸಿ
ನಡುವಿನ ಈಸ್ ಅನ್ನು ಎತ್ತಿ ಮುಂದಕ್ಕಿಡುವುದು.
ಈಸ್ ದ ಬೋಟ್ ಇನ್
ಅಷ್ಟು ಪುಟ್ಟ ಪದ
ದೊಡ್ಡವರನ್ನೆಲ್ಲ ದಾಟಿಕೊಂಡು
ಬಾಗಿಲಿಗೆ ಓಡಿಬಂದ ಹಾಗೆ.
ನಮಗಾದರೆ ಯಾರೂ ಓಡಬೇಕಿಲ್ಲ.
ಬಂತು. ಬಂತಾ.
ಬಾಯಿ ಮುಚ್ಚದಿದ್ದರೆ ಸಾಕು.

ಕೊನೆಗೊಂದು ಗಾಳ, ಗಾಳದಡಿ ಅದೇ ಚುಕ್ಕಿ.
ಮೀನುಗಾರರ ಮನೆಯ ಹುಡುಗಿ,
ಅವಳು ಅದನ್ನು ಬೇರೇನೆಂದೂ ಕಂಡವಳಲ್ಲ.

ಜನವರಿಯಲ್ಲಿ ಲೂಯಿಸಾ ಗ್ರೇ ಹೊರಟು
ಇಪ್ಪತ್ತಾರು ದಿನ.
ಧಕ್ಕೆಯ ಕಚೇರಿಯ ಮುಂದೆ ಹೆಂಗಸರು,
ಕೆಲವರ ಕೈಯಲ್ಲಿ ಹೆಣಿಗೆ, ಹೆಣೆಯುತ್ತಿರಲಿಲ್ಲ.
ಸ್ಟೊಬಾರ್ಟ್ ನಾಲ್ಕು ಸಾಲು ಬರೆದುಕೊಟ್ಟ.
ಕೊನೆಯದು, ಬೋಟು ಬಂದಿದೆಯೇ ಎಂದು
ಹೆಂಗಸರು ಕೇಳಿದರು.
ಮೇಬಲ್ ಜೋಡಿಸಿದಳು, ತುದಿಗೆ ಗಾಳ ಹಾಕಿದಳು.
ಕರಡಿನಲ್ಲಿ ಪೆನ್ಸಿಲು ಅದನ್ನು ಹೊಡೆದುಹಾಕಿತು.

'ಕೇಳಿದವರು ಅವರು. ನಾವು ಕೇಳುತ್ತಿಲ್ಲ,
ಕೇಳಿದರು ಎಂದು ಹೇಳುತ್ತಿದ್ದೇವೆ.
ಹೊಟ್ಟೆಯಲ್ಲಿ ಪ್ರಶ್ನೆ ಇದ್ದರೂ
ಮೈಯೆಲ್ಲ ಹೇಳಿಕೆ. ಚುಕ್ಕಿ ಹಾಕು.'

ಅವನದೇ ಸರಿ. ವ್ಯಾಕರಣದಲ್ಲಿ ಅವನು ಎಡವಿದ್ದನ್ನು
ಆ ಓಣಿ ಕಂಡದ್ದಿಲ್ಲ.
ಅವಳು ಗಾಳ ಕಿತ್ತು ಚುಕ್ಕಿ ನೆಟ್ಟಳು.
ಚುಕ್ಕಿ ತೆಳು; ಸಾಲು ಸಡಿಲವಾಯಿತು.
ಬರೀ ಜಾಗದ ಸೀಸದ ಚೂರೊಂದನ್ನು
ಪಕ್ಕಕ್ಕೆ ತುರುಕಿ ಬಿಗಿಮಾಡಿದಳು.

ಹಾಳೆಯನ್ನು ಎಂದಿನಂತೆ
ಕಿಟಕಿಗಾಜಿನ ಹೊರಗೆ ಅಂಟಿಸಿದ್ದರು.
ಶನಿವಾರ ಬೆಳಿಗ್ಗೆ ನೋಡಿದರೆ
ಕೊನೆಯ ಚುಕ್ಕಿಯ ತಲೆಯ ಮೇಲೆ
ಇದ್ದಿಲಿನಲ್ಲಿ ಬರೆದ ಒಂದು ಗಾಳ.
ಬಲಕ್ಕೆ ಉಬ್ಬಬೇಕಾದ ಬೆನ್ನು
ಎಡಕ್ಕೆ ಉಬ್ಬಿತ್ತು,
ಸೀಸದಲ್ಲಿ ಇರುತ್ತದಲ್ಲ, ಹಾಗೆ.

ಸ್ಟೊಬಾರ್ಟ್ ಹತ್ತಿರ ಬಗ್ಗಿ ನೋಡಿದ.
ಪ್ರತಿ ತಪ್ಪಿಗೂ ಮಸಿ ಬಳಿಯುವ ಮನುಷ್ಯ
ಕರವಸ್ತ್ರ ತೆಗೆದ,
ಅದರಲ್ಲಿ ತನ್ನ ಕನ್ನಡಕ ಒರೆಸಿಕೊಂಡ,
ಮಡಚಿ ಜೇಬಿಗಿಟ್ಟ.
ಒಳಗೆ ಬಂದು
'ಆಲೂಗಡ್ಡೆ ಜಾಹೀರಾತು ಎಲ್ಲಿಗೆ ಬಂತು?' ಎಂದು ಕೇಳಿದ.

ಕೇಳಿದ್ದು ಪ್ರಶ್ನೆಯ ಹಾಗೇ ಇತ್ತು.
ಅಪ್ಪಣೆ ಎಂದು ಅವಳಿಗೆ ಗೊತ್ತಾಯಿತು.
ಕೈ ತೊಳೆದುಕೊಂಡು ಕೆಲಸಕ್ಕೆ ನಿಂತಳು.